ಹದಿನಾಲ್ಕು ಮೊಹರಿನ ಸೈಕಲ್ಲು

"ಸೈಕಲ್ಲಿಗೇನೂ ಆಗಿಲ್ಲ ಅಂದ್ಮೇಲೆ ನಿಮಗೇ ಏನೋ ಆಗಿದೆ! ಎಂಬತ್ನಾಲ್ಕು ವರ್ಷದ ಮುದುಕಿ, ಬುಟ್ಟಿ ತುಂಬ ಈರುಳ್ಳಿ ದಂಟು ಹೇರ್ಕೊಂಡು, ಏರಿನಲ್ಲಿ ನಿಮ್ಮನ್ನ ಹಿಂದೆ ಹಾಕಿ ಹೋಗ್ತಾಳೆ ಅಂದ್ರೆ ನಾಚಿಕೆ ಬೇಡ್ವ?"

"ಅದು ಬ್ಯಾಟರಿ ಸೈಕಲ್ ಕಣೇ! ಅಜ್ಜಿ ಎಲ್ಲಿ ತುಳಿದ್ಲು? ಕರೆಂಟು ತುಳೀತು!"

"ಕರೆಂಟೋ ಕಾಲೋ, ಮುಂದೆ ಹೋದೋಳು ಅವಳು. ಹೋಗೋಳು ಸುಮ್ನೆ ಹೋದ್ಲಾ? 'ನಿಧಾನಕ್ಕೆ ಬಾರಪ್ಪ ಶಿಗೆ-ಚಾನ್, ಎದೆ ಒಡ್ಕೋಬೇಡ' ಅಂತ ಹೇಳಿ ಹೋದ್ಲಂತೆ. ಬೆಳಗಿಂದ ನನ್ನ ಅಂಗಡಿಗೆ ಬಂದ ಐದು ಜನಾನೂ ಅದನ್ನೇ ಹೇಳಿದ್ರು!"

"ಫುಸಾಯೆ ಸಾನ್... ಕತ್ತಿ... ಸ್ವಲ್ಪ ಕತ್ತಿ..." ಎಂದಿತು ಕುರ್ಚಿಯಿಂದ ಒಂದು ಸಣ್ಣ ದನಿ.

ಜಗಳ ನಡೆಯುತ್ತಿದ್ದದ್ದು ಕ್ಷೌರದ ಅಂಗಡಿಯಲ್ಲಿ. ಅಂಗಡಿ ಫುಸಾಯೆಯದು. ಕುರ್ಚಿಯಲ್ಲಿ ಮುಖದ ತುಂಬ ನೊರೆ ಹಚ್ಚಿಸಿಕೊಂಡು ಒರಗಿದ್ದವರು ಓಣಿ ಸಂಘದ ಅಧ್ಯಕ್ಷ ಹಾಗಿವಾರ. ಮೂವತ್ತೆಂಟು ವರ್ಷ ಅಂಚೆ ಕಚೇರಿಯಲ್ಲಿದ್ದು, ಈಗ ಎಪ್ಪತ್ತೆಂಟರ ಪ್ರಾಯದಲ್ಲಿ ಹದಿನಾಲ್ಕು ಮನೆಗಳನ್ನು ಆಳುತ್ತಿದ್ದ ಮನುಷ್ಯ. ಆ ಹೊತ್ತಿನಲ್ಲಿ ಮಾತ್ರ ಅವರ ಕುತ್ತಿಗೆ ಫುಸಾಯೆಯ ಆಳ್ವಿಕೆಯಲ್ಲಿತ್ತು. ಜಗಳಕ್ಕಾಗಿ ಕ್ಷೌರ ನಿಲ್ಲಿಸುವವಳೂ ಅಲ್ಲ, ಕ್ಷೌರಕ್ಕಾಗಿ ಜಗಳ ನಿಲ್ಲಿಸುವವಳೂ ಅಲ್ಲ ಅವಳು. ಅಕಾಗಿ ಬೆಟ್ಟದ ಬುಡದ ನಮ್ಮ ಊರುಗಳಲ್ಲಿ ಚಳಿಗಾಲದ ಗಾಳಿ ಒಂದೇ ದಿಕ್ಕಿನಿಂದ ಬೀಸುತ್ತದೆ, ಹೆಂಗಸರ ಮಾತೂ ಹಾಗೇ. ಗಂಡಸರು ತಲೆ ತಗ್ಗಿಸಿಕೊಂಡು ತುಳಿಯುತ್ತಾರೆ.

ಆದರೆ ಅವಳ ಗಂಡ ಶಿಗೆಜೋ ಕುರಾಮೋಚಿಗೆ ತಲೆ ತಗ್ಗಿಸಿ ಗೊತ್ತಿರಲಿಲ್ಲ. ಐವತ್ಮೂರು ವರ್ಷ. ಊರಾಚೆಯ ಕೊನ್ಯಾಕು ಗೆಡ್ಡೆಯ ಕಾರ್ಖಾನೆಯಲ್ಲಿ ಅದರ ಹಿಟ್ಟು ಕುದಿಸುವ ಕೆಲಸ. ದಿನವಿಡೀ ಬಿಸಿ ಆವಿಯ ಮುಂದೆ ನಿಂತು ನಿಂತು ಅವನ ಸಿಟ್ಟೂ ಸದಾ ಕುದಿಯುವ ಹದದಲ್ಲೇ ಇರುತ್ತಿತ್ತು.

ಕಿಟಕಿಯ ಪಕ್ಕ, ಗಿರಾಕಿಗಳು ಕಾಯುವ ಬೆಂಚಿಗೂ ಗೋಡೆಗೂ ನಡುವೆ, ಅವನ ರೇಸ್ ಸೈಕಲ್ಲು ನಿಂತಿತ್ತು. ಬೇಯಿಸಿದ ಅಜುಕಿ ಕಾಳಿನ ಕೆಂಪು, ಬಾಗಿದ ಹ್ಯಾಂಡಲ್ಲು, ಉಕ್ಕಿನ ಮೈ. ಇಪ್ಪತ್ತೇಳು ವರ್ಷದ ಹಿಂದೆ, ರೇಸಿನವರಿಗೆ ಸೈಕಲ್ಲು ಕಟ್ಟುತ್ತಿದ್ದ ಒಬ್ಬ ಮುದುಕ ಶಿಗೆಜೋನ ಕಾಲನ್ನೂ ಕೈಯನ್ನೂ ದಾರ ಹಿಡಿದು ಅಳೆದು, "ಈ ಮೈಗೆ ಇದೇ ಸೈಕಲ್ಲು, ಬೇರೆ ಯಾವುದಕ್ಕೂ ಹತ್ತಬೇಡ" ಎಂದು ಬೈದು ಕಟ್ಟಿಕೊಟ್ಟಿದ್ದ. ಮುದುಕ ಹೋದ, ಅವನ ಅಂಗಡಿ ಇದ್ದ ಜಾಗದಲ್ಲಿ ಈಗ ಕಾರು ನಿಲ್ಲಿಸುತ್ತಾರೆ. ಅಳತೆಯ ಕಾಲೂ ಕೈಯೂ ಹಾಗೇ ಇವೆ. ನಡುವೆ ಹೊಟ್ಟೆಯೊಂದು ಬಂದು ಕೂತಿದೆ, ಅಷ್ಟೇ. ಮೇಲಿನ ಕೊಳವೆಯ ಮೇಲೆ ಹೆಬ್ಬೆರಳಿನಷ್ಟು ತಗ್ಗು. ಅದು ಫುಸಾಯೆ ಯಾವುದೋ ಒಂದು ಮಾತಿಗೆ ಕೂದಲು ಕತ್ತರಿಸುವ ಯಂತ್ರ ಎಸೆದಾಗ ಆದದ್ದು. ಯಾವ ಮಾತಿಗೆ ಎಂದು ಇಬ್ಬರಿಗೂ ನೆನಪಿಲ್ಲ. ಸೈಕಲ್ಲಿಗೆ ಮಾತ್ರ ನೆನಪಿದೆ.

"ನನ್ನ ತಮ್ಮ ಪುಕ್ಕಟೆ ಕೊಡ್ತೀನಿ ಅಂತಾನೆ," ಎಂದಳು ಫುಸಾಯೆ, ಅಧ್ಯಕ್ಷರ ಮೂಗನ್ನು ಎರಡು ಬೆರಳಲ್ಲಿ ಎತ್ತಿ ಮೀಸೆಯ ಜಾಗ ಕೆರೆಯುತ್ತ. "ಕಾರ್ಬನ್ ಸೈಕಲ್ಲು. ಎರಡೇ ವರ್ಷ ಓಡಿಸಿದ್ದು. ಅವನಿಗೆ ಇನ್ನೊಂದು ಬರ್ತಿದೆ. ತಗೋಳೋದಾದ್ರೆ ತಗೊಳ್ಳಿ, ಬೇಡ ಅಂದ್ರೆ ಬೇಡ ಅನ್ನಿ. ನನಗೆ ಎರಡೂ ಒಂದೇ. ಆದ್ರೆ ಈ ಕಿಟಕಿ ಪಕ್ಕ ಒಂದೇ ಸೈಕಲ್ಲಿಗೆ ಜಾಗ. ಅದು ಬಂದ್ರೆ ಇದು ಹೋಗ್ಬೇಕು. ಭಾನುವಾರದೊಳಗೆ ಹೇಳಿ."

"ಹೇಳ್ತೀನಿ! ಈಗ್ಲೇ ಹೇಳ್ತೀನಿ!"

"ಹೇಳಿ."

ಶಿಗೆಜೋ ಬಾಯಿ ತೆರೆದ. ಸೈಕಲ್ಲು ನೋಡಿದ. ಬಾಯಿ ಮುಚ್ಚಿದ.

"ಭಾನುವಾರ ಹೇಳ್ತೀನಿ," ಎಂದು ಒಳಗೆ ಹೋದ.

ಅಧ್ಯಕ್ಷರು ಕನ್ನಡಿಯಲ್ಲಿ ತಮ್ಮ ಎರಡು ಕಿವಿಗಳನ್ನೂ ಎಣಿಸಿಕೊಂಡು ಎದ್ದರು.

ಬುಧವಾರ ಸಂಜೆ ಫುಸಾಯೆಯ ತಮ್ಮ ಎಯ್ಸಾಕು ಆ ಕಾರ್ಬನ್ ಸೈಕಲ್ಲನ್ನು ಒಂದೇ ಬೆರಳಿಗೆ ನೇತುಹಾಕಿಕೊಂಡು ಬಂದ. ಎಯ್ಸಾಕು ಹಲ್ಲಿನ ಡಾಕ್ಟರರ ಸಾಮಾನು ಮಾರುವವನು. ತನ್ನ ತೂಕ ಬಿಟ್ಟು ಮಿಕ್ಕ ಎಲ್ಲದರ ತೂಕವನ್ನೂ ಬಾಯಿಪಾಠ ಹೇಳುವವನು.

"ಎತ್ತಿ ನೋಡಿ ಭಾವ. ಬೆಕ್ಕಿನ ಹಾಗಿದೆ. ನೀರಿನ ಬಾಟಲಿಯ ಹಿಡಿಕೆ ಕೂಡ ಬದಲಾಯಿಸಿದೀನಿ, ಹದಿನೆಂಟು ಗ್ರಾಮು ಉಳೀತು. ಪೊಲೀಸಿನವರ ನೋಂದಣಿ ಚೀಟಿ ಇತ್ತಲ್ಲ, ಹಳದಿದು, ಅದನ್ನೂ ಕೆರೆದು ತೆಗೆದೆ."

"ಅದು ಎಷ್ಟು?"

"ಒಂದು ಗ್ರಾಮು."

"ಬೆಟ್ಟ ಹತ್ತೋಕೆ ಮುಂಚೆ ಮೂಗು ಸೀನಿಕೊಂಡ್ರೆ ಅದಕ್ಕಿಂತ ಜಾಸ್ತಿ ಉಳಿಯುತ್ತಲ್ಲೋ!"

"ಅದನ್ನೂ ಮಾಡ್ತೀನಿ ಭಾವ," ಎಂದ ಎಯ್ಸಾಕು ಗಂಭೀರವಾಗಿ.

ಶಿಗೆಜೋ ಹತ್ತಿದ. ಗುಡಿಯ ಏರಿನವರೆಗೆ ಹೋಗಿ ಬಂದ. ಹೋದವನು ಎಷ್ಟು ಬೇಗ ಬಂದನೆಂದರೆ, ಫುಸಾಯೆ ಇಟ್ಟ ಚಹಾದ ನೀರು ಇನ್ನೂ ಕುದಿ ಬಂದಿರಲಿಲ್ಲ. ಅದೇ ಏರು, ಅದೇ ಹೊಟ್ಟೆ. ಉಬ್ಬಸವಿಲ್ಲ. ಇಳಿದು ನಿಂತವನ ಮುಖ ಮಾತ್ರ ಸುಳ್ಳು ಸಾಕ್ಷಿ ಹೇಳಿ ಬಂದವನಂತಿತ್ತು.

"ಹೇಗಿತ್ತು ಭಾವ?"

"ಸದ್ದೇ ಇಲ್ಲ."

"ಸದ್ದು ಯಾಕೆ ಬೇಕು?"

"ನನ್ನದು ಏರಿನಲ್ಲಿ ಕಿರ್ ಅನ್ನುತ್ತೆ. ಇದು ಏನೂ ಹೇಳಲ್ಲ. ಯಾರದೋ ಮನೆಗೆ ಊಟಕ್ಕೆ ಹೋಗಿ, ಉಪ್ಪು ಕೇಳೋಕೂ ಸಂಕೋಚ ಪಟ್ಟ ಹಾಗಾಯ್ತು."

"ಉಪ್ಪು ಕಮ್ಮಿ ತಿನ್ನಿ ಅಂತ ಡಾಕ್ಟ್ರು ಹೇಳಿದ್ದಾರೆ ನಿಮಗೆ," ಎಂದಳು ಫುಸಾಯೆ ಒಳಗಿನಿಂದ.

"ಭಾನುವಾರ ಬಂದು ಕೊಡ್ತೀನಿ ಭಾವ. ಹಳೇದನ್ನ ತೆಗೆದಿಡಿ," ಎಂದು ಹೇಳಿ, ಎಯ್ಸಾಕು ಬೆಕ್ಕನ್ನು ಬೆರಳಿಗೆ ನೇತುಹಾಕಿಕೊಂಡು ಹೋದ.

ಈಗ ಶಿಗೆಜೋನ ಒಂದು ಅಭ್ಯಾಸ ಹೇಳಬೇಕು. ಆ ವರ್ಷ ಅವನು ಓಣಿಯ ಮುಖಂಡ. ಇದಕ್ಕೆ ಯೋಗ್ಯತೆ ಬೇಕಿಲ್ಲ, ಮನೆ ಮನೆಗೆ ಸರದಿಯಂತೆ ಬರುತ್ತದೆ. ಆದರೆ ಏಪ್ರಿಲ್‌ನಲ್ಲಿ ಹಾಗಿವಾರ ಅಧ್ಯಕ್ಷರು ಸಂಘದ ಮನೆಯ ಬೀಗದ ಕೈಯನ್ನು ಎರಡು ಕೈಯಲ್ಲಿ ಹಿಡಿದು, "ಕುರಾಮೋಚಿ ಸಾನ್, ಇರೋದು ಇದೊಂದೇ ಕೈ. ಈ ಮನೆಗೆ ಬೀಗ ಹಾಕದೆ ಮೂವತ್ತೊಂದು ವರ್ಷದಲ್ಲಿ ಒಬ್ಬರೂ ಎದ್ದು ಹೋಗಿಲ್ಲ" ಎಂದು ಒಪ್ಪಿಸಿದಾಗ, ಅದು ಕೋಟೆಯ ಬೀಗದ ಕೈಯೇನೋ ಎಂಬಂತೆ ಶಿಗೆಜೋ ಅದನ್ನು ಜಾಕೆಟ್ಟಿನ ಒಳಜೇಬಿಗೆ ಇಳಿಸಿದ. ಅಂದಿನಿಂದ ಅದು ಅಲ್ಲಿಂದ ಈಚೆಗೆ ಬಂದದ್ದು ಬೀಗಕ್ಕೆ ಮಾತ್ರ. ಅಂದಿನಿಂದಲೇ ಅವನ ಬರವಣಿಗೆಯೂ ಕೆಟ್ಟಿತು. ಸುತ್ತೋಲೆ ಬರೆದು ಬರೆದು, ಅವನು ತಂಗಿಗೆ ಬರೆದ ಕಾಗದವೂ 'ಎಲ್ಲ ನಿವಾಸಿಗಳ ಗಮನಕ್ಕೆ' ಎಂದೇ ಶುರುವಾಗುತ್ತಿತ್ತು.

ಹೀಗಾಗಿ ಗುರುವಾರ ಬೆಳಿಗ್ಗೆ, ಕಾರ್ಖಾನೆಗೆ ಹೊರಡುವ ಮುನ್ನ, ಅವನು ಯೋಚಿಸಲಿಲ್ಲ. ಯೋಚಿಸಿದರೆ ತಲೆ ನೋಯುತ್ತದೆ. ಎರಡು ಹಾಳೆ ತೆಗೆದುಕೊಂಡು ಎರಡು ಸುತ್ತೋಲೆ ಬರೆದ. ತನಗೆ ತಾನೇ. ಒಂದರಲ್ಲಿ ಸೈಕಲ್ಲು ಉಳಿಸಿಕೊಳ್ಳುವುದು, ಇನ್ನೊಂದರಲ್ಲಿ ಬಿಸಾಕುವುದು. ಯಾವುದನ್ನು ಓದಿದರೆ ಹೆಚ್ಚು ಸಿಟ್ಟು ಬರುತ್ತದೋ ಅದು ತಪ್ಪು ಎಂದು ಅವನ ಲೆಕ್ಕ. ಲೆಕ್ಕವೇನೋ ಸರಿಯಾಗಿಯೇ ಇತ್ತು. ಎರಡನೆಯ ಹಾಳೆ ಹೀಗಿತ್ತು:

'ಎಲ್ಲ ನಿವಾಸಿಗಳ ಗಮನಕ್ಕೆ. ವಿಷಯ: ಹಳೆಯ ಸೈಕಲ್ ವಿಲೇವಾರಿ. ಕಾಲ ಮುಗಿದ ಸೈಕಲ್ಲನ್ನು ಮೋಹದಿಂದ ಇಟ್ಟುಕೊಳ್ಳುವುದು ಜಾಗಕ್ಕೂ ಮನೆಯ ಶಾಂತಿಗೂ ಹಾನಿ. ಆದ್ದರಿಂದ ಬರುವ ಭಾನುವಾರ ಚರಂಡಿ ಶುಚಿಯ ಬಳಿಕ ದೊಡ್ಡ ಕಸಕ್ಕೆ ಕೊಡತಕ್ಕದ್ದು. ಮೊದಲನೆಯದಾಗಿ: ಕುರಾಮೋಚಿ, ಕೆಂಪು ರೇಸ್ ಸೈಕಲ್, ಒಂದು.'

ಬರೆದು ಮುಗಿಸಿ, ಕೈಗೆ ಅಭ್ಯಾಸವಾಗಿದ್ದರಿಂದ, ಕೆಳಗೆ ತನ್ನ ಮೊಹರನ್ನೂ ಒತ್ತಿದ.

ಅಷ್ಟರಲ್ಲಿ ಕಾರ್ಖಾನೆಯಿಂದ ಫೋನು. ದೊಡ್ಡ ಹಂಡೆ ಉಕ್ಕಿ ಹಿಟ್ಟೆಲ್ಲ ನೆಲದ ಪಾಲಾಗಿದೆ, ಬೇಗ ಬನ್ನಿ ಅಂತ. ಬಾಗಿಲು ತೆರೆದೊಡನೆ ಬೆಟ್ಟದ ಗಾಳಿ ನುಗ್ಗಿ ಕಾಗದ ಹಾರಿಸಿತು. ಶಿಗೆಜೋ ಸಿಕ್ಕಿದ ಒಂದನ್ನು ಜೇಬಿಗೆ ತುರುಕಿದ, ಇನ್ನೊಂದನ್ನು ಅಲ್ಲೇ ಗೂಟಕ್ಕೆ ನೇತಾಡುತ್ತಿದ್ದ ಸುತ್ತೋಲೆ ಹಲಗೆಯ ಕ್ಲಿಪ್ಪಿಗೆ ಸಿಕ್ಕಿಸಿ ಓಡಿದ.

ಮನೆಯಿಂದ ಮನೆಗೆ ಮೊಹರು ಒತ್ತಿಸಿಕೊಂಡು ತಿರುಗುವ ಆ ಹಲಗೆಗೆ ಆಗಲೇ ಚರಂಡಿ ಶುಚಿಯ ಸುತ್ತೋಲೆ ಸಿಕ್ಕಿಸಿತ್ತು. ಹತ್ತು ನಿಮಿಷದ ಬಳಿಕ ಅದನ್ನು ನೋಡಿದ ಫುಸಾಯೆ, "ಅಯ್ಯೋ, ನಿನ್ನೆಯಿಂದ ನಮ್ಮನೇಲೇ ಕೂತಿದೆಯಲ್ಲ, ಊರು ಏನನ್ನುತ್ತೆ" ಎಂದು, ಗಂಡನ ಮೊಹರು ಬಿದ್ದಿರುವುದನ್ನಷ್ಟೇ ನೋಡಿ, ಪಕ್ಕದ ಮನೆಯ ಕಿಕುನೊ ಅಜ್ಜಿಯ ಬಾಗಿಲಿಗೆ ತಗುಲಿಸಿ ಬಂದಳು. ಅವಳು ಓದಲಿಲ್ಲ. ಗಂಡನ ಬರಹ ಓದುವ ಚಟ ಅವಳಿಗೆ ಮದುವೆಯ ವರ್ಷವೇ ಬಿಟ್ಟುಹೋಗಿತ್ತು.

ಕಿಕುನೊ ಅಜ್ಜಿ ಎಂದರೆ ಅದೇ, ಈರುಳ್ಳಿ ದಂಟಿನ ಬ್ಯಾಟರಿ ಅಜ್ಜಿ. ಅವಳು 'ಸೈಕಲ್ ವಿಲೇವಾರಿ' ಅನ್ನುವ ಸಾಲು ಓದಿದಳು, ಕನ್ನಡಕ ಸಿಗಲಿಲ್ಲವಾದ್ದರಿಂದ ಮುಂದಿನದನ್ನು ಬಿಟ್ಟಳು, ಮೊಹರು ಒತ್ತಿದಳು. ಅವಳ ಮೊಹರು ನೋಡಿ ಮುಂದಿನ ಮನೆಯವರು ಒತ್ತಿದರು. ಮೂರು ಮೊಹರು ನೋಡಿ ನಾಲ್ಕನೆಯವರು. ನಮ್ಮಲ್ಲಿ ಸುತ್ತೋಲೆಯನ್ನು ಯಾರೂ ಓದುವುದಿಲ್ಲ, ಯಾರು ಯಾರು ಒತ್ತಿದ್ದಾರೆ ಎಂದಷ್ಟೇ ನೋಡುತ್ತಾರೆ. ಬೇರೆ ಸಲ ಹತ್ತು ದಿನ ತಿರುಗುತ್ತಿದ್ದ ಹಲಗೆ ಮರುದಿನ ಸಂಜೆಗೇ ಹದಿನಾಲ್ಕು ಕೆಂಪು ಮೊಹರು ಹೊತ್ತು ಮನೆಗೆ ಬಂತು. ಅದರ ಹಿಂದೆಯೇ ಸೈಕಲ್ಲುಗಳೂ ಬಂದವು.

ಶುಕ್ರವಾರ ಕೆಲಸ ಮುಗಿಸಿ ಬಂದ ಶಿಗೆಜೋ ತನ್ನ ಬಾಗಿಲು ಹುಡುಕಬೇಕಾಯಿತು. ಅಂಗಡಿಯ ಮುಂದೆ ಹತ್ತು ಸೈಕಲ್ಲು! ಸೀಟು ಹರಿದದ್ದು, ಬುಟ್ಟಿ ಕಳಚಿದ್ದು, ಮಗು ಕೂರಿಸುವ ಕುರ್ಚಿಯಲ್ಲಿ ಜೇಡ ಸಂಸಾರ ಹೂಡಿದ್ದು. ಎಲ್ಲವುಗಳ ಮುಂದೆ ಕಿಕುನೊ ಅಜ್ಜಿಯ ಗಂಡ ಬದುಕಿದ್ದಾಗ ತೋಫು ಮಾರಲು ಹೊಡೆಯುತ್ತಿದ್ದ ಕಪ್ಪು ಸೈಕಲ್ಲು, ಕರಿಕೋಣದ ಹಾಗೆ. ಪ್ರತಿಯೊಂದಕ್ಕೂ ಮಾಲೀಕರ ಹೆಸರಿನ ಚೀಟಿ. ಕೆಲವಕ್ಕೆ 'ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ' ಎಂದು ಒಂದು ಕಟ್ಟು ಈರುಳ್ಳಿ ದಂಟು ಬೇರೆ.

"ಏನ್ರೀ ಇದು?" ಎಂದಳು ಫುಸಾಯೆ. ಕೈಯಲ್ಲಿ ಹಲಗೆ.

ಶಿಗೆಜೋ ಓದಿದ. ಜೇಬಿನಿಂದ ಇನ್ನೊಂದು ಹಾಳೆ ತೆಗೆದ. ಅದು 'ಉಳಿಸಿಕೊಳ್ಳುವುದು'.

"ನಿಮಗೆ ನೀವೇ ನೋಟೀಸು ಕೊಟ್ಟುಕೊಂಡ್ರಾ?"

"ಯೋಚನೆ ಮಾಡ್ತಿದ್ದೆ ಕಣೇ!"

"ಎಲ್ಲರ ಗಮನಕ್ಕೆ?"

"ಅದು... ಹಾಗೇ ಬಂದುಬಿಡುತ್ತೆ."

"ಹೋಗಿ ಹೇಳಿ. ತಪ್ಪಾಯ್ತು, ಎಲ್ಲಾ ವಾಪಸ್ ತಗೊಂಡು ಹೋಗಿ ಅಂತ ಈಗ್ಲೇ ಹೇಳಿ."

ಶಿಗೆಜೋ ಹೇಳಲು ಹೊರಟದ್ದು ನಿಜ. ಬಾಗಿಲಲ್ಲೇ ಹಾಗಿವಾರ ಅಧ್ಯಕ್ಷರು ಎದುರಾದರು. ಬಂದವರೇ ಸೊಂಟ ಬಗ್ಗಿಸಿ ಎಷ್ಟು ಆಳಕ್ಕೆ ನಮಸ್ಕರಿಸಿದರೆಂದರೆ ಮೇಲೇಳಲು ಸೈಕಲ್ಲೊಂದನ್ನು ಹಿಡಿದುಕೊಳ್ಳಬೇಕಾಯಿತು.

"ಕುರಾಮೋಚಿ ಸಾನ್! ಮೂವತ್ತು ವರ್ಷದಿಂದ ನಾನು ಅಂದ್ಕೊಂಡು ಮಾಡೋಕಾಗದ ಕೆಲಸ! ಓಣಿಯ ಹಳೇ ಸೈಕಲ್ಲೆಲ್ಲ ಒಂದೇ ದಿನಕ್ಕೆ! ಅದೂ ಮೊದಲ ಹೆಸರು ನಿಮ್ಮದೇ! ಆ ಕೆಂಪು ಸೈಕಲ್ಲು ನಿಮಗೆ ಎಂಥಾದ್ದು ಅಂತ ನಾನು ಕುರ್ಚೀಲಿ ಕೂತು ಕಣ್ಣಾರೆ ನೋಡಿಲ್ವ? ಕತ್ತಿ ಕುತ್ತಿಗೆ ಮೇಲಿತ್ತು, ಆದ್ರೂ ನೋಡಿದೆ. ಮುಖಂಡ ಅಂದ್ರೆ ಹೀಗಿರಬೇಕು!"

"ಅಧ್ಯಕ್ಷರೇ, ವಿಷಯ ಏನಂದ್ರೆ..."

"ಏನೂ ಹೇಳ್ಬೇಡಿ. ಮಾತು ಬೇಡ. ಭಾನುವಾರ ನನ್ನ ಸಣ್ಣ ಲಾರಿ ತರ್ತೀನಿ. ನಗರಸಭೆಯ ಕಸದ ಅಂಗಳ ನಾಲ್ಕು ಗಂಟೇವರೆಗೂ ತೆರೆದಿರುತ್ತೆ. ಹನ್ನೊಂದು ಸೈಕಲ್ಲು ಅಂತ ಬರೆಸಿದೀನಿ. ಹನ್ನೊಂದು!"

ಇಲ್ಲಿ ಶಿಗೆಜೋ 'ಇಲ್ಲ' ಎನ್ನಬೇಕಿತ್ತು. ಗಂಟಲಿನವರೆಗೂ ಬಂದಿತ್ತು ಕೂಡ. ಆದರೆ ಐವತ್ಮೂರು ವರ್ಷದಲ್ಲಿ ಅವನನ್ನು ಯಾರೂ ಹೊಗಳಿರಲಿಲ್ಲ. ಬೈಗುಳಕ್ಕಾದರೆ ತಕ್ಷಣ ಉತ್ತರ ಹುಟ್ಟುತ್ತಿತ್ತು, ಹೊಗಳಿಕೆಗೆ ಏನು ಹೇಳಬೇಕೆಂದು ಯಾರೂ ಕಲಿಸಿರಲಿಲ್ಲ. ಅವನು ಎದೆ ಮುಂದೆ ಮಾಡಿ, ಕೆಮ್ಮಿ, "ಮುಖಂಡನ ಕರ್ತವ್ಯ" ಎಂದುಬಿಟ್ಟ.

ಒಳಗೆ ಫುಸಾಯೆ ಬಾಚಣಿಗೆಯಿಂದ ತನ್ನ ಹಣೆ ಚಚ್ಚಿಕೊಂಡಳು.

ಶನಿವಾರ ಠಾಣೆಯ ಪೇದೆ ಸೋಮಾ ಬಂದ. ದುಂಡು ಮುಖದ, ನಿಯಮವೆಂದರೆ ಪ್ರಾಣ ಬಿಡುವ ಮನುಷ್ಯ. ಸೈಕಲ್ಲುಗಳ ಸುತ್ತ ಎರಡು ಸುತ್ತು ಬಂದು ಪುಸ್ತಕ ತೆಗೆದ.

"ಕುರಾಮೋಚಿ ಸಾನ್, ಒಂದೇ ಕಡೆ ಹತ್ತು ಸೈಕಲ್ಲು. ಯಾರೋ ಫೋನ್ ಮಾಡಿದ್ದಾರೆ."

"ಯಾರು?"

"ಹೇಳಂಗಿಲ್ಲ. ಮುಂದಿನ ಮನೇಲಿ ಕಿಟಕಿ ಹಿಂದೆ ನಿಂತಿದ್ದಾರೆ, ನೋಡ್ಬೇಡಿ. ನೋಂದಣಿ ಚೀಟಿ ನೋಡ್ತೀನಿ. ಚೀಟಿ ಇದ್ರೆ ಮಾಲೀಕ ಇದ್ದಾನೆ. ಚೀಟಿ ಇಲ್ಲ ಅಂದ್ರೆ ಆ ಸೈಕಲ್ಲಿಗೆ ಈ ಲೋಕದಲ್ಲಿ ಯಾರೂ ಇಲ್ಲ."

ಹತ್ತಕ್ಕೂ ಚೀಟಿ ಇತ್ತು. ತೋಫು ಸೈಕಲ್ಲಿನ ಚೀಟಿಯ ಮೇಲಿನ ಹೆಸರು ಸತ್ತು ಹದಿನಾರು ವರ್ಷವಾದವನದು. ಅದನ್ನು ಸೋಮಾ ಟೋಪಿ ತೆಗೆದು ಬರೆದುಕೊಂಡ. ಒಳಗೆ ಬಂದು ಕೆಂಪು ಸೈಕಲ್ಲಿನ ಚೀಟಿಯನ್ನೂ ಬರೆದುಕೊಂಡ. "ಹನ್ನೊಂದು. ಭಾನುವಾರ ಲಾರಿ ಹತ್ತಿಸುವಾಗ ಬಂದು ಲೆಕ್ಕ ಹಾಕ್ತೀನಿ. ಒಂದು ಹೆಚ್ಚೂ ಇರಬಾರದು, ಒಂದು ಕಮ್ಮೀನೂ ಇರಬಾರದು."

ಆ ದಿನವೆಲ್ಲ ಅಂಗಡಿಗೆ ಬಂದವರು ಕೆಂಪು ಸೈಕಲ್ಲನ್ನು ಹೆಣ ನೋಡುವಂತೆ ನೋಡಿ ಹೋದರು. ಒಬ್ಬರಂತೂ ಅದರ ಮುಂದೆ ಕೈ ಮುಗಿದರು.

"ಏನಮ್ಮ, ಇನ್ನೂ ಉಸಿರಾಡ್ತಿದೆ ಅದು!" ಎಂದು ಶಿಗೆಜೋ ಒಳಗಿನಿಂದ ಕೂಗಿದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಓಣಿಯೆಲ್ಲ ರಬ್ಬರ್ ಬೂಟು ಹಾಕಿಕೊಂಡು ಚರಂಡಿಗೆ ಇಳಿಯಿತು. ಹನ್ನೊಂದಕ್ಕೆ ಚರಂಡಿ ಕನ್ನಡಿಯಂತಾಯಿತು, ಓಣಿಯವರು ಚರಂಡಿಯಂತಾದರು. ಎಲ್ಲರೂ ಬೂಟು ಕಳಚಿ ಸಂಘದ ಮನೆಯೊಳಗೆ ಚಾಪೆಯ ಮೇಲೆ ಕೂತರು. ಚಹಾ ಬಂತು, ಅಕ್ಕಿ ಹಪ್ಪಳ ಬಂತು. ಹೊರಗೆ ಅಧ್ಯಕ್ಷರ ಸಣ್ಣ ಲಾರಿಯಲ್ಲಿ ಹತ್ತು ಸೈಕಲ್ಲು, ಅವುಗಳ ಮೇಲೆ, ಎಲ್ಲರಿಗೂ ಕಾಣಲಿ ಎಂದು, ಕೆಂಪು ಸೈಕಲ್ಲು. ಲಾರಿಯ ಪಕ್ಕದಲ್ಲಿ ಸೋಮಾ ಪುಸ್ತಕ ಹಿಡಿದು ನಿಂತಿದ್ದ. ಗೋಡೆಗೆ ಒರಗಿಸಿದ ಕಾರ್ಬನ್ ಸೈಕಲ್ಲನ್ನು ಕರವಸ್ತ್ರದಿಂದ ಒರೆಸುತ್ತ ಎಯ್ಸಾಕು ನಿಂತಿದ್ದ.

ಅಧ್ಯಕ್ಷರು ಎದ್ದು ಇಪ್ಪತ್ತು ನಿಮಿಷ ಮಾತಾಡಿದರು. ಮಾತಿನಲ್ಲಿ ತ್ಯಾಗ ಎಂಬ ಪದ ಒಂಬತ್ತು ಸಲ ಬಂತು. ಕೊನೆಗೆ, "ಈಗ ನಮ್ಮ ಮುಖಂಡರು, ತಮ್ಮ ಪ್ರೀತಿಯ ಸೈಕಲ್ಲಿಗೆ ವಿದಾಯದ ಎರಡು ಮಾತು..."

ಶಿಗೆಜೋ ಎದ್ದ. ಜೇಬಿನಿಂದ ಕಾಗದ ತೆಗೆದ. ಎಲ್ಲರೂ ಚಪ್ಪಾಳೆ ತಟ್ಟಿದರು. ಕಾಗದದಲ್ಲಿ ಅವನು ಅಧ್ಯಕ್ಷರು ಹೇಳಿದಂತೆಯೇ ವಿದಾಯ ಬರೆದಿದ್ದ. ಓದಲು ಬಾಯಿ ತೆರೆದ. ಅಷ್ಟರಲ್ಲಿ ಹೊರಗೆ ಗಾಳಿ ಬೀಸಿತು, ಲಾರಿಯ ಮೇಲಿನ ಕೆಂಪು ಸೈಕಲ್ಲಿನ ಹಿಂದಿನ ಚಕ್ರ ತಾನಾಗಿ ತಿರುಗಿತು. ಕಿರ್ ಎಂದಿತು.

ಶಿಗೆಜೋ ಕಾಗದ ಮಡಚಿದ.

"ಒಂದು ಪ್ರಶ್ನೆ," ಎಂದ. "ಸುತ್ತೋಲೆಗೆ ಎಲ್ಲರೂ ಮೊಹರು ಒತ್ತಿದೀರಿ. ನನ್ನ ಸೈಕಲ್ಲು ಯಾವ ಬಣ್ಣ ಅಂತ ಬರೆದಿದ್ದೆ?"

ಹಪ್ಪಳ ಕಡಿಯುವ ಸದ್ದು ನಿಂತಿತು.

"ಯಾರಾದ್ರೂ ಒಬ್ರು ಹೇಳಿ. ಹೊರಗೆ ನೋಡ್ಬೇಡಿ!"

"ನೀಲಿ?" ಎಂದರು ಮೂಲೆಯಿಂದ ಒಬ್ಬರು.

"ನಾನು ಓದೋದಿಲ್ಲಪ್ಪ, ಒತ್ತೋದಷ್ಟೇ," ಎಂದಳು ಕಿಕುನೊ ಅಜ್ಜಿ.

"ಹಾಗಾದ್ರೆ ಕೇಳಿ! ಅದು ನಾನು ನಿಮಗೆ ಬರೆದಿದ್ದಲ್ಲ. ನನಗೆ ನಾನೇ ಬರ್ಕೊಂಡಿದ್ದು! ಹದಿನಾಲ್ಕು ಮನೇಲಿ ಒಬ್ರಾದ್ರೂ ಓದಿದ್ರೆ, 'ಏನಯ್ಯಾ ಶಿಗೆಜೋ, ತಲೆ ಕೆಟ್ಟಿದೆಯಾ' ಅಂತ ಕೇಳ್ತಿದ್ರಿ. ಕೇಳ್ಲಿಲ್ಲ. ನಾನು ಕೊಡಲ್ಲ. ನನ್ನ ಸೈಕಲ್ಲು ಕೊಡಲ್ಲ!"

"ಭಾವ, ಕಾರ್ಬನ್ನು..." ಎಂದ ಎಯ್ಸಾಕು ಬಾಗಿಲಿನಿಂದ.

"ನಿನ್ನ ಬೆಕ್ಕು ನೀನೇ ಇಟ್ಕೋ! ಅದು ನನ್ನನ್ನ ಏರಿನ ಮೇಲಕ್ಕೆ ಹೊತ್ಕೊಂಡು ಹೋಯ್ತು, ಹೌದು. ನಾನು ಹೊತ್ಕೊಂಡು ಹೋಗು ಅಂತ ಕೇಳಿದ್ನಾ? ಏರಿನಲ್ಲಿ ನಿಧಾನ ನಾನು, ಸೈಕಲ್ಲಲ್ಲ. ಹೊಟ್ಟೆ ನಂದು, ಉಬ್ಬಸ ನಂದು. ಅಜ್ಜಿ ಹಿಂದೆ ಹಾಕ್ತಾಳಾ, ಹಾಕ್ಲಿ! ನಾಳೇನೂ ಹಾಕ್ಲಿ!"

"ಹಾಕ್ತೀನಿ," ಎಂದಳು ಅಜ್ಜಿ.

"ಕುರಾಮೋಚಿ ಸಾನ್!" ಎಂದರು ಅಧ್ಯಕ್ಷರು. "ಹದಿನಾಲ್ಕು ಮೊಹರಿದೆ. ಅದರಲ್ಲಿ ನಿಮ್ಮದೂ ಇದೆ. ಹನ್ನೊಂದು ಅಂತ ನಗರಸಭೇಲಿ ಬರೆಸಿಯಾಗಿದೆ. ಮೊಹರು ಒತ್ತಿದ್ದನ್ನ ಹಿಂದಕ್ಕೆ ತಗೊಂಡೋರು ಈ ಓಣೀಲಿ ಯಾರೂ ಇಲ್ಲ!"

"ಇನ್ಮೇಲೆ ಒಬ್ಬ ಇದ್ದಾನೆ ಅಂತ ಬರ್ಕೊಳ್ಳಿ!"

ಹೊರಗೆ ಬಂದ. ಕಾಲಿಗೆ ಸಿಕ್ಕಿದ ರಬ್ಬರ್ ಬೂಟಿಗೆ ಕಾಲು ತುರುಕಿದ. ಎಡಗಾಲಿನದು ಅವನದು, ಬಲಗಾಲಿನದು ಅಧ್ಯಕ್ಷರದು. ಲಾರಿ ಹತ್ತಿ ಹಗ್ಗ ಬಿಚ್ಚಿ ಕೆಂಪು ಸೈಕಲ್ಲನ್ನು ಎತ್ತಿದ. ಬೆಕ್ಕಿನ ಹಾಗಿರಲಿಲ್ಲ, ಸೈಕಲ್ಲಿನ ಹಾಗೇ ಇತ್ತು. ಇಳಿದು, ಬೂಟುಗಾಲಿನಲ್ಲೇ ಪೆಡಲಿಗೆ ಒದ್ದು, ಬೆಟ್ಟದ ದಾರಿ ಹಿಡಿದ. ಗಾಳಿ ಎದುರಿನಿಂದ ಬೀಸುತ್ತಿತ್ತು. ಕಿರ್ ಕಿರ್ ಸದ್ದು ಗುಡಿಯ ತಿರುವಿನವರೆಗೂ ಕೇಳಿಸಿತು, ಆಮೇಲೆ ಇಲ್ಲ.

"ಐದು ನಿಮಿಷದಲ್ಲಿ ಬರ್ತಾನೆ," ಎಂದರು ಅಧ್ಯಕ್ಷರು. "ಆ ಸೈಕಲ್ಲಲ್ಲಿ ಎಲ್ಲಿಗೆ ಹೋಗೋಕಾಗುತ್ತೆ?"

"ಹತ್ತು," ಎಂದ ಸೋಮಾ ಲಾರಿಯ ಮೇಲೆ ಎಣಿಸಿ. "ಒಂದು ಕಮ್ಮಿ. ಪುಸ್ತಕದಲ್ಲಿ ಹನ್ನೊಂದಿದೆ." ಸುತ್ತ ನೋಡಿದ. ಕಾರ್ಬನ್ ಸೈಕಲ್ಲಿನ ಬಳಿ ಹೋಗಿ ಬಗ್ಗಿ ಹುಡುಕಿದ. "ಇದಕ್ಕೆ ನೋಂದಣಿ ಚೀಟಿ ಎಲ್ಲಿ?"

"ಕೆರೆದು ತೆಗೆದೆ," ಎಂದ ಎಯ್ಸಾಕು. "ಒಂದು ಗ್ರಾಮು."

"ಚೀಟಿ ಇಲ್ಲ. ಅಂದ್ರೆ ಇದಕ್ಕೆ ಯಾರೂ ಇಲ್ಲ."

"ನಾನಿದೀನಲ್ಲ! ಇಲ್ಲೇ ನಿಂತಿದೀನಿ!"

"ನೀವು ಇದ್ದೀರಿ ಅಂತ ಪುಸ್ತಕದಲ್ಲಿಲ್ಲ. ವಿಚಾರಣೆ ಮುಗಿಯೋವರೆಗೂ ಲಾರೀಲಿರಲಿ."

ಅಧ್ಯಕ್ಷರ ಮುಖಕ್ಕೆ ಮೊದಲ ಬಾರಿ ನೆಮ್ಮದಿ ಬಂತು. "ಹನ್ನೊಂದು," ಎಂದು ತಾವೇ ಕೈ ಹಾಕಿ ಕಾರ್ಬನ್ನನ್ನು ಲಾರಿಗೇರಿಸಿದರು. ಹಗುರವಾಗಿತ್ತು.

ಆಗ ಕಿಕುನೊ ಅಜ್ಜಿ ಎದ್ದು ಬಂದು ಲಾರಿಯ ಪಕ್ಕ ನಿಂತಳು.

"ನನ್ನ ಯಜಮಾನರದ್ದೂ ಇಳಿಸ್ರಪ್ಪ."

"ಅಜ್ಜಿ, ಮೊಹರು..."

"ಒತ್ತಿದೀನಿ. ಹದಿನಾಲ್ಕು ಸಲ ಬೇಕಾದ್ರೂ ಒತ್ತಿಕೊಡ್ತೀನಿ. ಸೈಕಲ್ ಇಳಿಸಿ. ಆ ಹುಡುಗ ಹೊಟ್ಟೆ ಹೊತ್ಕೊಂಡು ಇಳಿಸ್ಕೊಂಡು ಹೋದ, ನಾನು ಯಾಕೆ ಬಿಡ್ಲಿ?"

ಅಜ್ಜಿಯದು ಇಳಿದದ್ದೇ ತಡ, ಮಗು ಕೂರಿಸುವ ಕುರ್ಚಿಯ ಸೈಕಲ್ಲಿನವಳು, "ಮೊಮ್ಮಗು ಆದ್ರೆ ಬೇಕಾಗುತ್ತೆ" ಎಂದಳು. ಆಮೇಲೆ ಬುಟ್ಟಿ ಕಳಚಿದ್ದು, ಆಮೇಲೆ ಸೀಟು ಹರಿದದ್ದು. ಪಕ್ಕದವರು ಇಳಿಸಿದ್ದನ್ನು ನೋಡಿದ ಮೇಲೆ ನಮ್ಮವರಿಗೆ ಬೇರೆ ಕಾರಣ ಬೇಕಿಲ್ಲ. ಅರ್ಧ ಗಂಟೆಯಲ್ಲಿ ಲಾರಿಯ ಮೇಲೆ ಉಳಿದದ್ದು ಹೊಳೆಯುವ ಕಾರ್ಬನ್ ಸೈಕಲ್ಲೊಂದೇ. ಹದಿನಾಲ್ಕು ಮೊಹರು ಅದೊಂದರ ತಲೆಗೆ ಬಂದಿತ್ತು.

"ನಡೀರಿ, ಇನ್ನು ಮನೆಗೆ ಹೋಗೋಣ," ಎಂದರು ಯಾರೋ. "ಬೀಗ ಹಾಕಿ ಅಧ್ಯಕ್ಷರೇ."

"ಬೀಗದ ಕೈ?" ಎಂದರು ಅಧ್ಯಕ್ಷರು.

ಎಲ್ಲರೂ ಫುಸಾಯೆಯನ್ನು ನೋಡಿದರು.

"ಜಾಕೆಟ್ಟಿನ ಒಳಜೇಬಲ್ಲಿ," ಎಂದಳು ಅವಳು. ಜಾಕೆಟ್ಟು ಶಿಗೆಜೋನ ಮೈಮೇಲಿತ್ತು. ಫೋನು ಮಾಡಿದರು. ಅದು ಒಳಗೆ ಅವನು ಕೂತಿದ್ದ ದಿಂಬಿನ ಕೆಳಗೆ ಗುಂಯ್ಗುಟ್ಟಿತು.

"ನಾನು ಹೋಗಿ ಹಿಡ್ಕೊಂಡು ಬರ್ತೀನಿ," ಎಂದ ಎಯ್ಸಾಕು. "ನನ್ನ ಸೈಕಲ್ಲಲ್ಲಿ ಹತ್ತೇ ನಿಮಿಷ. ಇಳಿಸಿ."

"ವಿಚಾರಣೆಯಲ್ಲಿದೆ," ಎಂದ ಸೋಮಾ.

"ಹಾಗಾದ್ರೆ ನೀವೇ ಹೋಗಿ!"

"ಬೀಗದ ಕೈ ಒಯ್ಯೋದು ಯಾವ ಕಲಮಿಗೆ ಬರುತ್ತೆ ಅಂತ ನೋಡ್ಬೇಕು."

ಕೆಸರು ಮೆತ್ತಿದ ಬೂಟಿನಲ್ಲಿ ತಮ್ಮ ಕಾರು ಹತ್ತಲು ಯಾರೂ ಒಪ್ಪಲಿಲ್ಲ. ಅಧ್ಯಕ್ಷರಿಗಂತೂ ತಮ್ಮದು ಅಂತ ಉಳಿದದ್ದು ಒಂದೇ ಬೂಟು.

"ಅಜ್ಜಿ," ಎಂದರು ಅವರು ಕೊನೆಗೆ, ಮೆತ್ತಗೆ. "ನಿಮ್ಮ ಬ್ಯಾಟರಿ ಸೈಕಲ್ಲು?"

"ಬ್ಯಾಟರಿ ತುಂಬ ಇದೆ," ಎಂದಳು ಅಜ್ಜಿ, ಗಂಡನ ಸೈಕಲ್ಲಿನ ಗಂಟೆಯನ್ನು ಏಪ್ರನ್ನಿನ ಅಂಚಿನಿಂದ ಉಜ್ಜುತ್ತ. "ಮನಸ್ಸಿಲ್ಲ."

ಒಬ್ಬರು ಉಳಿದು ಮನೆ ಕಾದರೆ ಮಿಕ್ಕವರು ಹೋಗಬಹುದು ಎಂದು ಎಲ್ಲರಿಗೂ ಹೊಳೆದಿತ್ತು. ಮೊದಲು ಹೇಳಿದವರೇ ಆ ಒಬ್ಬರಾಗುತ್ತಾರೆ ಎಂದೂ ಹೊಳೆದಿತ್ತು. ಆದ್ದರಿಂದ ಯಾರೂ ಹೇಳಲಿಲ್ಲ. ಎಲ್ಲರೂ ಮತ್ತೆ ಒಳಗೆ ಹೋಗಿ ಚಾಪೆಯ ಮೇಲೆ ಕೂತರು. ಚಹಾ ಎರಡನೇ ಸಲ ಬಂತು, ಮೂರನೇ ಸಲ ಬರೀ ಬಿಸಿನೀರು ಬಂತು. ನಾಲ್ಕು ಗಂಟೆಗೆ ಕಸದ ಅಂಗಳ ಮುಚ್ಚಿತು. ನಾಲ್ಕೂವರೆಗೆ ಊರ ಕಂಬದ ಮೈಕಿನಲ್ಲಿ ಮಕ್ಕಳೆಲ್ಲ ಮನೆಗೆ ಹೋಗಿ ಎಂಬ ಸಂಗೀತ ಮೊಳಗಿತು. ಅಧ್ಯಕ್ಷರು ಗಡಿಯಾರ ನೋಡುವುದನ್ನು ಬಿಟ್ಟರು.

ಫುಸಾಯೆ ಎದ್ದು ಗಂಡನ ಚಹಾದ ಲೋಟ ತೆಗೆದುಕೊಂಡಳು. ತಣ್ಣಗಾಗಿತ್ತು. ಕಿಟಕಿಯಿಂದ ಹೊರಗೆ ಚೆಲ್ಲಿ, ಲೋಟ ತೊಳೆದು ಬೋರಲು ಹಾಕಿ, ಅವನ ಪಾಲಿನ ಹಪ್ಪಳವನ್ನು ಕಟಕಟ ಕಡಿದು ತಿಂದಳು.

"ಎಲ್ಲಿವರೆಗೆ ಹೋಗಿರಬಹುದು ಅಕ್ಕಾ?" ಎಂದ ಎಯ್ಸಾಕು.

"ಅದರಲ್ಲಿ ಎಲ್ಲಿಗಾದ್ರೂ ಹೋಗ್ತಾರೆ," ಎಂದಳು ಫುಸಾಯೆ. "ಕಿಟಕಿ ಪಕ್ಕದ ಜಾಗಕ್ಕೆ ಬೇರೇದೇನೂ ತರ್ಬೇಡ."

ಹದಿನಾಲ್ಕು ಮನೆಯವರೂ ಬಾಗಿಲ ಕಡೆ ಮುಖ ಮಾಡಿ ಕೂತೇ ಇದ್ದರು. ಬೀಗದ ಕೈ ಅಷ್ಟು ಹೊತ್ತಿಗೆ ಏಳನೇ ತಿರುವು ದಾಟಿ, ಕಿರ್ ಕಿರ್ ಎನ್ನುತ್ತ, ಅಕಾಗಿ ಬೆಟ್ಟ ಹತ್ತುತ್ತಿತ್ತು.